ಕೊಂಬಿಪ್ಪ ರಾಕ್ಷಸಂಗೆ ಹೆದರುವ ಭಾವಂಗೆ

ಕಳುದ ತಿಂಗಳು ಅಕ್ಕನ ಮನೆಲಿ ಸತ್ಯನಾರಾಯಣ ಪೂಜೆ ಇತ್ತು. ಎರಡನೇ ಹಂತಿ ಎದ್ದಿಕ್ಕಿ, ಗೆಂಡುಮಕ್ಕೊ ಎಲ್ಲ ಜೆಗಿಲಿಲಿ ಎಲೆ ಅಡಕ್ಕೆ ತಟ್ಟೆಯ ಸುತ್ತ ಕೂದಿತ್ತಿದ್ದವು. ಆನು ಒಳಂದ ಕುಡಿವಲೆ ನೀರು ತೆಕ್ಕೊಂಡು ಬಪ್ಪಗ ಭಾವ ದೊಡ್ಡಕೆ ಹೇಳಿಗೊಂಡಿತ್ತಿದ್ದವು: "ಎನ್ನ ಮಾಣಿಯ ಹಾಳು ಮಾಡಿದ್ದು ಬೇರೆ ಆರೂ ಅಲ್ಲ, ಅವನ ಚಿಕ್ಕಮ್ಮನೇ. ರಾಕ್ಷಸರ ಸಾಂಕುವ ಆಟ ಕಲಿಶಿ ಕಳುಸಿದ್ದು. ಕೊಂಬು, ಬಾಲ, ನೆತ್ತರು! ಆನು ಕಂಡಪ್ಪದ್ದೇ ಕಂಪ್ಯೂಟರಿಂದ ಉದ್ದಿ ತೆಗದೆ."

ಎಲ್ಲೋರೂ ಎನ್ನ ಮೋರೆ ನೋಡಿದವು. ಒಂದಿಬ್ರು ನೆಗೆ ಮಾಡಿದವು. ಭಾವಂಗೆ ಎದುರುತ್ತರ ಕೊಡುವ ಕ್ರಮ ಎಂಗಳ ಮನೆಲಿ ಇಲ್ಲೆ, ಅದೂ ಪೂಜೆಯ ದಿನ. ಆನು ನೀರು ಮಡುಗಿಕ್ಕಿ ಒಳ ಹೋದೆ. ಆ ದಿನ ನುಂಗಿದ ಮಾತಿನ ಇಂದು ಇಲ್ಲಿ ಬರೆತ್ತೆ. ಭಾವ ಇದರ ಓದುತ್ತವು ಹೇಳಿ ಗೊಂತಿದ್ದು. ಓದಲಿ ಹೇಳಿಯೇ ಬರೆವದು.

ಆಟ ಎಂತರ ಹೇಳಿ ಗೊಂತಿಲ್ಲದ್ದೋರಿಂಗೆ ಸುರುವಿಂಗೆ ರಜ್ಜ ಹೇಳ್ತೆ. ಇದರ ಹೆಸರು ಡಂಜನ್ ಕೀಪರ್. ಡಂಜನ್ ಹೇಳಿರೆ ನೆಲದಡಿಯಾಣ ಕತ್ತಲೆ ಗುಹೆ, ಹಳೆ ಕೋಟೆಗಳ ಅಡಿಲಿ ಇರ್ತಲ್ಲದೋ, ಹಾಂಗಿಪ್ಪದು. ಕೀಪರ್ ಹೇಳಿರೆ ಅದರ ನೋಡಿಗೊಂಬ ಯೆಜಮಾನ. ಇಂಗ್ಲೆಂಡಿನ ಗಿಲ್ಡ್‌ಫೋರ್ಡಿಲಿ ಬುಲ್‌ಫ್ರಾಗ್ ಹೇಳಿ ಒಂದು ಕಂಪೆನಿ ಇತ್ತು. ಪೀಟರ್ ಮೋಲಿನ್ಯೂ ಹೇಳ್ತವನ ಮುಂದಾಳ್ತನಲ್ಲಿ 1997ಲಿ ಅವು ಇದರ ಮಾಡಿದವು. 1999ಲಿ ಎರಡನೇ ಭಾಗ ಬಂತು. ಎನ್ನ ತಮ್ಮ ಇಂಜಿನಿಯರಿಂಗಿಂಗೆ ಸೇರಿಪ್ಪಗ ಮನಗೆ ಕಂಪ್ಯೂಟರ್ ಬಂತು, ಅದರೊಟ್ಟಿಂಗೆ ಅವನ ಸ್ನೇಹಿತ ಆರೋ ಕೊಟ್ಟ ಸೀಡಿಯೂ ಬಂತು. ರಜೆ ಮುಗುದು ತಮ್ಮ ಹಾಸ್ಟೆಲಿಂಗೆ ಹೋದ. ಕಂಪ್ಯೂಟರ್ ಮನೆಲೇ ಒಳುದತ್ತು. ಆನುದೇ ಮನೆಲೇ ಇತ್ತಿದ್ದೆ.

ಅಷ್ಟನ್ನಾರ ಇತ್ತಿದ್ದ ಈ ನಮೂನೆಯ ಆಟಂಗಳಲ್ಲಿ ನಾವು ವೀರ. ಕತ್ತಿ ಹಿಡ್ಕೊಂಡು ಗುಹೆಯ ಒಳ ನುಗ್ಗಿ, ಅಲ್ಲಿಪ್ಪ ಜೀವಂಗಳ ಕೊಂದು, ಚಿನ್ನ ಬಾಚಿಗೊಂಡು ಹೆರ ಬಪ್ಪದು. ಆ ಗುಹೆಯ ಆರು ಕಟ್ಟಿದ್ದು, ಅಲ್ಲಿಪ್ಪ ಜೀವಂಗೊ ಎಂತ ತಿಂತವು, ಎಲ್ಲಿ ಒರಗುತ್ತವು ಹೇಳಿ ಕೇಳುವವು ಇತ್ತಿದ್ದವಿಲ್ಲೆ. ಇವು ಅದರ ಕವುಂಚಿ ಹಾಕಿದವು. ಇಲ್ಲಿ ಗುಹೆ ನಮ್ಮದು. ವೀರ ಹೇಳಿರೆ ಹೇಳದ್ದೆ ಕೇಳದ್ದೆ, ನಮ್ಮ ಗೋಡೆ ಒಡದು ಒಳ ಬಪ್ಪ ಉಪದ್ರ.

ಅವ ಬಪ್ಪಂದ ಮದಲು ನಾವು ಮನೆ ಕಟ್ಟೆಕ್ಕು. ಚಿನ್ನ ಮಡುಗುಲೆ ಉಗ್ರಾಣ, ಜೀವಂಗೊಗೆ ಒರಗುಲೆ ಜಾಗೆ, ತಿಂಬಲೆ ಕೋಳಿಗೂಡು, ಮಂತ್ರ ಹುಡುಕುಲೆ ಗ್ರಂಥಾಲಯ, ಕಸರತ್ತು ಮಾಡುಲೆ ಒಂದು ಗರಡಿ. ಕೋಣೆಗೊ ಸರಿಯಾಗಿ ಇದ್ದರೆ ಜೀವಂಗೊ ತನ್ನಷ್ಟಕ್ಕೆ ಹುಡ್ಕಿಂಡು ಬತ್ತವು. ಮಂತ್ರವಾದಿ ಬತ್ತ, ನಾಯಿಯಷ್ಟು ದೊಡ್ಡ ನೆಳವು ಬತ್ತು, ಬೈಲ್ ಡೀಮನ್ ಹೇಳಿ ಡೊಳ್ಳು ಹೊಟ್ಟೆಯ ಒಂದು ಕೊಂಬಿನ ಜೆನ ಬತ್ತು. ಅದಕ್ಕೆ ಎಷ್ಟು ಕೋಳಿ ಇದ್ದರೂ ಸಾಲ. ಜಗಳಕ್ಕೆ ನಿಂದರೆ ಅದರ ದೊಡ್ಡ ಆಯುಧ ಹೂಸು. ಇದರ ನೋಡಿ ಮಾಣಿ ನೆಗೆ ಮಾಡಿ ಮಾಡಿ ಕುರ್ಶಿಂದ ಜಾರಿದ್ದ. ಗೆಲ್ಲೆಕ್ಕಾದ ಊರುಗಳ ಹೆಸರೂ ಹಾಂಗೇ ಮಡುಗಿದ್ದವು. ಸುರುವಾಣ ಊರು ಎವರ್‌ಸ್ಮೈಲ್, ಹೇಳಿರೆ ಯೇವಗಳೂ ನೆಗೆ ಮಾಡಿಗೊಂಡೇ ಇಪ್ಪ ಊರು. ಅಲ್ಲಿಯಾಣೋರು ಎಷ್ಟು ಒಳ್ಳೆಯೋರು, ಎಷ್ಟು ಸುಖಲ್ಲಿದ್ದವು ಹೇಳಿ ಒಂದು ಗಡಸು ಸ್ವರ ಹೊಟ್ಟೆಕಿಚ್ಚಿಲಿ ವರ್ಣನೆ ಮಾಡ್ತು. ಸ್ವರ ಭಾರೀ ಗಂಭೀರ, ಹೇಳುದು ಪೂರ ತಮಾಶೆ.

ಎಂಗಳ ಮನೆಲಿ ಕಂಪ್ಯೂಟರ್ ಮಡುಗಿದ್ದು ದೇವರೊಳದ ಗೋಡೆಗೆ ತಾಗಿ. ಒಂದು ದಿನ ಅಜ್ಜಿ ಹಿಂದಂದ ಬಂದು ನೋಡಿತ್ತು.

"ಅದೆಂತ ಕೂಸೇ, ಕೋಳಿಯೋ?"

"ಚಿತ್ರದ ಕೋಳಿ ಅಜ್ಜಿ."

"ಚಿತ್ರದ್ದಾದರೂ ದೇವರೊಳದ ಹತ್ತರೆ ಬೇಡ. ಆಚ ಹೊಡೆಂಗೆ ಓಡುಸು."

ಅಜ್ಜಿಯ ಆಕ್ಷೇಪ ಅಷ್ಟೇ. ರಾಕ್ಷಸರ ಬಗ್ಗೆ ಒಂದು ಮಾತು ಹೇಳಿದ್ದಿಲ್ಲೆ. ರಾಕ್ಷಸರ ಅಜ್ಜಿ ಸಣ್ಣಾಗಿಪ್ಪಗಂದಲೇ ನೋಡಿದ್ದು, ವರ್ಷಕ್ಕೆ ನಾಲ್ಕು ಆಟಲ್ಲಿ.

ಆ ಆಟ ಹೇಳಿರೆ ಯಕ್ಷಗಾನ. ಭಾವ, ನಿಂಗಳ ಮಾತಿಂಗೆ ಎನ್ನ ಸುರುವಾಣ ಉತ್ತರ ಅದುವೇ. ದೇವೀಮಹಾತ್ಮೆ ಪ್ರಸಂಗಲ್ಲಿ ಮಹಿಷಾಸುರ ಬಪ್ಪದು ಹೇಂಗೆ? ಚೌಕಿಂದ ನೇರ ರಂಗಸ್ಥಳಕ್ಕೆ ಅಲ್ಲ, ದೊಂದಿ ಹಿಡುಶಿಗೊಂಡು, ಬೊಬ್ಬೆ ಹಾಕಿಂಡು, ಜೆನಂಗಳ ಎಡೇಲೇ ಬಪ್ಪದು. ಅದರ ನೋಡುಲೆ ಹೇಳಿಯೇ ಒರಗಿದ ಮಕ್ಕಳ ಎಬ್ಬುಸುತ್ತು ನಾವು. ನಿಂಗಳೇ ಈ ಮಾಣಿಯ, ಅವಂಗೆ ನಾಲ್ಕು ವರ್ಷ ಅಪ್ಪಗ, ಹೆಗಲಿಲಿ ಕೂರ್ಸಿ ತೋರ್ಸಿದ್ದಿ. ಅವಂಗೆ ಕೊಂಬಿಲ್ಲೆಯೋ? ಊರಿನ ಕೊಂಬಾದರೆ ಕಲೆ, ಇಂಗ್ಲೆಂಡಿನ ಕೊಂಬಾದರೆ ಪಾಪ, ಇದೆಂತ ನ್ಯಾಯ?

ಮತ್ತೆ ನಿಂಗೊ ತಾಳಮದ್ದಳೆಲಿ ಕೌರವನ ಅರ್ಥ ಹೇಳ್ತಿ. ಹೇಳುದೆಂತ, ಹತ್ತೂರಿಲಿ ಹೆಸರಿದ್ದು ನಿಂಗೊಗೆ. ಕೃಷ್ಣಸಂಧಾನಲ್ಲಿ, ಸೂಜಿಯ ಮೊನೆಯಷ್ಟು ಜಾಗೆಯನ್ನೂ ಕೊಡೆ ಹೇಳುದಕ್ಕೆ ನಿಂಗೊ ಕೊಡ್ತ ಕಾರಣಂಗಳ ಕೇಳಿರೆ, ಕೃಷ್ಣನ ಅರ್ಥ ಹೇಳುವವು ಎರಡು ಸರ್ತಿ ನೀರು ಕುಡಿತ್ತವು. ಹಾಂಗೆ ಹೇಳಿಕ್ಕಿ ಮನಗೆ ಬಂದು ನಿಂಗೊ ತಮ್ಮಂಗೆ ಪಾಲು ಕೊಡದ್ದೆ ಕೂದಿಯೋ? ಬೇಲಿ ಹಾಕುವಗ ಅವನ ಹೊಡೆಂಗೆ ಎರಡು ಕೋಲು ಹೆಚ್ಚೇ ಬಿಟ್ಟಿದಿ, ಅಕ್ಕ ಎನ್ನ ಹತ್ತರೆ ಹೇಳಿದ್ದು. ಕೌರವನ ಹೊಡೆಲಿ ನಿಂದು ಮಾತಾಡಿದ ಕಾರಣವೇ ನಿಂಗೊಗೆ ಪಾಲಿನ ಜಗಳ ಹೇಂಗೆ ಹುಟ್ಟುತ್ತು ಹೇಳಿ ಬೇರೆಯೋರಿಂದ ಹೆಚ್ಚು ಗೊಂತಿದ್ದು. ಮಾಣಿ ಮಾಡಿದ್ದೂ ಅದನ್ನೇ. ಎದುರಾಣ ಹೊಡೆಲಿ ಕೂದು ನೋಡಿದ್ದ. ಅವನ ಮಾತ್ರ ಎಂತಕೆ ಕಳ್ಳನ ಹಾಂಗೆ ಮಾಡಿದಿ?

ಆ ಆಟಲ್ಲಿ ಆನು ಸುರುವಿಂಗೆ ಮೆಚ್ಚಿದ್ದು ಇಂಪ್‌ಗಳ. ಇಂಪ್ ಹೇಳಿರೆ ಒಂದು ಕುಞ್ಞಿ ಆಳು, ಕೈಲಿ ಪಿಕ್ಕಾಸು. ನಾವು ತೋರ್ಸಿದಲ್ಲಿ ಟಕ ಟಕನೆ ಕಡಿತ್ತು, ಮಣ್ಣು ಜರುಗುತ್ತು, ದಾರಿ ಆವುತ್ತು. ಚಿನ್ನ ಸಿಕ್ಕಿರೆ ಹೊತ್ತೊಂಡು ಹೋಗಿ ಉಗ್ರಾಣಲ್ಲಿ ಹಾಕುತ್ತು. ಗೋಡೆ ಗಟ್ಟಿ ಮಾಡ್ತು. ಇದರ ಸುರುವಿಂಗೆ ನೋಡುವಗ ಎನಗೆ ಇಂಗ್ಲೆಂಡ್ ನೆಂಪಾಯಿದಿಲ್ಲೆ, ಅಪ್ಪನ ಮನೆಯ ಹಿಂದಾಣ ಗುಡ್ಡೆ ನೆಂಪಾತು. ಅಲ್ಲಿ ಎಂಗಳ ಸುರಂಗ ಇದ್ದು. ಮುರಕಲ್ಲಿಂಗೆ ಅಡ್ಡಕೆ ಕಡುದು ಹೋದ್ದು, ಒಬ್ಬ ಬಗ್ಗಿ ನಡವಷ್ಟು ಎತ್ತರ. ಪಂಪು ಬೇಡ, ಕರೆಂಟು ಬೇಡ, ಗುಡ್ಡೆಯ ಹೊಟ್ಟೆಂದ ಒಸರಿದ ನೀರು ತನ್ನಷ್ಟಕ್ಕೆ ಹರುದು ಕೆರಗೆ ಬತ್ತು. ಅಜ್ಜನ ಕಾಲಲ್ಲಿ ತೋಡಿದ್ದು ಇಬ್ರು ಸೇರಿ. ಒಬ್ಬ ಕಡಿವಲೆ, ಒಬ್ಬ ಮಣ್ಣು ಹೆರ ಹಾಕುಲೆ. ಒಳ ದೀಪ ಹೊತ್ತುಸಿ ಮಡುಗಿಂಡು ಕಡಿವದಡ. ದೀಪ ನಂದಿರೆ ಗಾಳಿ ಇಲ್ಲೆ ಹೇಳಿ ಅರ್ಥ, ಪಿಕ್ಕಾಸು ಬಿಟ್ಟಿಕ್ಕಿ ಹೆರ ಓಡೆಕ್ಕು. ಕಾಸರಗೋಡಿಂದ ಈಚೆ ಎಂಗಳ ಬಂಟ್ವಾಳದವರೆಂಗೆ ಇಂಥ ಸುರಂಗಂಗೊ ಎಷ್ಟಿದ್ದು! ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರ ಹೆಸರು ಈಗ ಎಲ್ಲೋರಿಂಗೂ ಗೊಂತಿದ್ದು. ಬೋಳು ಗುಡ್ಡೆಲಿ ತಾನೊಬ್ಬನೇ ಸುರಂಗ ತೋಡಿ, ಸುಮಾರು ಸರ್ತಿ ನೀರು ಸಿಕ್ಕದ್ದರೂ ಬಿಡದ್ದೆ, ಅಕೇರಿಗೆ ನೀರು ತಂದು ತೋಟ ಮಾಡಿದ ಜೆನ. 2022ಲಿ ಅವಕ್ಕೆ ಪದ್ಮಶ್ರೀ ಬಂದಿಪ್ಪಗ ಪೇಪರಿಲಿ ಬಂದ ಶುದ್ದಿಯ ಭಾವನೇ ಮಕ್ಕಳ ಕೂರ್ಸಿ ಓದಿ ಹೇಳಿದ್ದವು. ಮಾಣಿ ಆ ದಿನ ಫೋನು ನೋಡಿಂಡೇ ಹೂಂ ಹೂಂ ಹೇಳಿದ್ದ.

ಅದೇ ಮಾಣಿ ಈ ಎಪ್ರಿಲಿಲಿ, ಎನ್ನ ಮನೆಲಿ ಒಂದು ವಾರ ಇಂಪ್‌ಗಳ ಕೈಲಿ ಗುಡ್ಡೆ ಕೊರಸಿದ ಮತ್ತೆ, "ಚಿಕ್ಕಮ್ಮ, ಅಜ್ಜನ ಮನೆ ಸುರಂಗ ಎಷ್ಟು ಕೋಲು ಉದ್ದ ಇದ್ದು? ತಿರುಗಿಗೊಂಡು ಹೋವ್ತೋ, ಸೀದವೋ? ಜರಿಯದ್ದೆ ಹೇಂಗೆ ನಿಂದದು?" ಹೇಳಿ ಕೇಳಿದ. ಎಂಗೊ ಇಬ್ರೂ ಟಾರ್ಚ್ ಹಿಡ್ಕೊಂಡು ಹೋಗಿ, ಬಗ್ಗಿ, ಮೊಣಕಾಲುವರೆಂಗೆ ನೀರಿಲಿ ನಡದು ಲೆಕ್ಕ ಮಾಡಿದೆಯೊ. ಬಾವಲಿ ಹಾರಿ ಅವನ ಕೆಮಿಗೆ ಬಡುದತ್ತು. ಹೆರ ಬಂದಪ್ಪಗ ಅವನ ಮೋರೆಯ ನಿಂಗೊ ನೋಡೆಕಾತು ಭಾವ.

ಆಟಲ್ಲಿ ನಮ್ಮ ಹತ್ತರೆ ಇಪ್ಪದು ಒಂದು ಕೈ. ಮೇಗಂದ ಬಪ್ಪ ದೊಡ್ಡ ಕೈ. ಅದರಲ್ಲಿ ಯೇವ ಜೀವವನ್ನೂ ಹೆರ್ಕಿ ಬೇಕಾದಲ್ಲಿ ಹಾಕುಲೆಡಿಗು, ಕೆಲಸ ನಿಧಾನ ಆದರೆ ಒಂದು ಬಾರುಸುಲೂ ಎಡಿಗು. ಬಾರುಸಿರೆ ರಜ್ಜ ಹೊತ್ತು ಬೇಗ ಬೇಗ ಕೆಲಸ ಮಾಡ್ತವು. ಸುರುವಾಣ ಎರಡು ದಿನ ಮಾಣಿ ಕಂಡಕಂಡದಕ್ಕೆಲ್ಲ ಬಾರುಸಿದ. ಆನು ಸುಮ್ಮನೆ ನೋಡಿಂಡಿತ್ತಿದ್ದೆ. ಮೂರನೇ ದಿನ ಅವನ ಮಂತ್ರವಾದಿಗೊ ಒಬ್ಬೊಬ್ಬನೇ ಕೋಪ ಮಾಡಿಗೊಂಡು ಗುಹೆ ಬಿಟ್ಟಿಕ್ಕಿ ಹೋಪಲೆ ಸುರು ಮಾಡಿದವು. ಅವು ಹೋದ ಮತ್ತೆ ಹೊಸ ಮಂತ್ರ ಹುಡುಕುಲೆ ಜೆನ ಇಲ್ಲೆ. ಆ ಊರಿಲಿ ಮಾಣಿ ಸೋತ. ರಜ್ಜ ಹೊತ್ತು ಗಲ್ಲಕ್ಕೆ ಕೈ ಕೊಟ್ಟು ಕೂದಿತ್ತಿದ್ದ, ಮತ್ತೆ ಹೇಳಿದ: "ಬಡುದರೆ ಕೆಲಸ ಆವುತ್ತು ಚಿಕ್ಕಮ್ಮ, ಆದರೆ ಜೀವ ಸೊರಗುತ್ತು, ಮತ್ತೆ ಬಿಟ್ಟಿಕ್ಕಿ ಹೋವ್ತವು. ಕೋಳಿಗೂಡು ದೊಡ್ಡ ಮಾಡುದೇ ಒಳ್ಳೆದು."

ಈ ಮಾತಿನ ಆನು ಹೇಳಿ ಕೊಟ್ಟದಲ್ಲ. ಯೇವ ಪಾಠಪುಸ್ತಕಲ್ಲಿಯೂ ಇಲ್ಲೆ. ಭಾವ, ಅಡಕ್ಕೆ ಕೊಯ್ವಲೆ ಜೆನ ಸಿಕ್ಕುತ್ತವಿಲ್ಲೆ, ಬಂದವುದೇ ಎರಡು ದಿನ ನಿಲ್ಲುತ್ತವಿಲ್ಲೆ ಹೇಳಿ ನಿಂಗೊ ವರ್ಷ ವರ್ಷ ಹೇಳ್ತಿ. ಆಚ ಮನೆಲಿ ಮಾತ್ರ ಅದೇ ಜೆನಂಗೊ ಹತ್ತು ವರ್ಷಂದ ಬತ್ತಾ ಇದ್ದವು. ಎಂತಕೆ ಹೇಳಿ ನಿಂಗಳ ಮಾಣಿಗೆ ಈಗ ಒಂದು ಅಂದಾಜು ಇದ್ದು, ಕೇಳಿ ನೋಡಿ. ಗುಹೆಲಿ ಸಂಬಳದ ದಿನ ಹೇಳಿ ಒಂದು ಇದ್ದು. ಆ ಹೊತ್ತಿಂಗೆ ಎಲ್ಲವೂ ಕೈಲಿಪ್ಪ ಕೆಲಸ ಬಿಟ್ಟಿಕ್ಕಿ ಉಗ್ರಾಣಕ್ಕೆ ನಡೆತ್ತವು. ಉಗ್ರಾಣ ಖಾಲಿ ಇದ್ದರೆ ಮತ್ತೆ ಬೇಡ ಗೌಜಿ. ಸಂಬಳ ನಾಳಂಗೆ ಅಕ್ಕು ಹೇಳಿದವಂಗೆ ಎಂತ ಆವುತ್ತು ಹೇಳಿ ಮಾಣಿಗೆ ಗೊಂತಿದ್ದು.

ಇನ್ನೊಂದು ಇದ್ದು, ಅದರ ಆನು ಆ ಕಾಲಲ್ಲೇ ಕಂಡದು. ಗುಹೆಲಿ ಎಲ್ಲವಕ್ಕೂ ಸಂಬಳ ಇದ್ದು, ಕೋಳಿ ಇದ್ದು, ಒರಗುಲೆ ಜಾಗೆ ಇದ್ದು. ಇಂಪಿಂಗೆ ಮಾತ್ರ ಮೂರೂ ಇಲ್ಲೆ. ಉಂಬಲಿಲ್ಲೆ, ಒರಗುಲಿಲ್ಲೆ, ಕೂಲಿ ಕೇಳುಲಿಲ್ಲೆ. ಕಡಿವದು, ಹೊರುದು, ಗೋಡೆ ಸರಿ ಮಾಡುದು, ಬಿದ್ದೋರ ಎಳಕ್ಕೊಂಡು ಬಪ್ಪದು, ಪೂರ ಅದುವೇ. ಅದು ಇಲ್ಲದ್ದರೆ ಗುಹೆಯೇ ಇಲ್ಲೆ. ಅದಕ್ಕೆ ಕೋಪವೂ ಬತ್ತಿಲ್ಲೆ, ಹಾಂಗೆ ಮಾಡಿ ಮಡುಗಿದ್ದವು. ಆ ಆಟಲ್ಲಿ ಒಂದು ಮಂತ್ರ ಸಿಕ್ಕುತ್ತು, ಅದರ ಹಾಕಿರೆ ಯೇವ ಜೀವದ ಒಳವೂ ಹೊಕ್ಕು ಅದರ ಕಣ್ಣಿಲಿ ನೋಡ್ಲಕ್ಕು. ಒಂದು ದಿನ ಆನು ಇಂಪಿನ ಒಳ ಹೊಕ್ಕೆ. ಮೇಗಂದ ನೋಡುವಗ ಸಣ್ಣಕೆ ಚೆಂದಕೆ ಕಂಡ ಗುಹೆ, ಅಡಿಂದ ನೋಡುವಗ ಅಂತ್ಯ ಇಲ್ಲದ್ದ ಗೋಡೆ. ಅಮ್ಮನ ಕರದು ತೋರ್ಸಿ, ಇದಕ್ಕೆ ಊಟ ಇಲ್ಲೆ, ಸಂಬಳ ಇಲ್ಲೆ ಹೇಳಿ ವಿವರ್ಸಿದೆ. ಅಮ್ಮ ಸೌಟು ಹಿಡ್ಕೊಂಡೇ ರಜ್ಜ ಹೊತ್ತು ನೋಡಿತ್ತು. "ಇದು ಎಂಗಳೇ ಅಲ್ಲದೋ?" ಹೇಳಿಕ್ಕಿ ಒಳ ಹೋತು, ಹಾಲು ಉಕ್ಕುತ್ತಾ ಇತ್ತು.

ಪೂಜೆಯ ದಿನ, ಎರಡನೇ ಹಂತಿ ಎದ್ದಿಕ್ಕಿ ನಿಂಗೊ ಜೆಗಿಲಿಲಿ ಎನ್ನ ಬಗ್ಗೆ ಹೇಳಿಗೊಂಡಿಪ್ಪಗ ಗಂಟೆ ಎರಡೂವರೆ. ಅಕ್ಕ ಇನ್ನೂ ಉಂಡಿತ್ತಿಲ್ಲೆ.

ಆಟಲ್ಲಿ ಕೆಟ್ಟದು ಇಲ್ಲೆಯೇ ಇಲ್ಲೆ ಹೇಳಿ ಆನು ಹೇಳ್ತಿಲ್ಲೆ. ಸೆರೆಮನೆ ಇದ್ದು; ಅದರಲ್ಲಿ ಕೂಡಿ ಹಾಕಿದ ವೀರ ಹಶುವಿಲಿ ಸತ್ತರೆ ಎಲುಗಿನ ಗೂಡಾಗಿ ಏಳ್ತ. ಹಿಂಸೆ ಕೊಡುವ ಕೋಣೆ ಇದ್ದು, ಅಲ್ಲಿ ಮಡುಗಿರೆ ವೀರ ನಮ್ಮ ಹೊಡೆಂಗೆ ಬತ್ತ. ಇದು ಎನಗೆ ಅಂದೂ ಇಷ್ಟ ಇಲ್ಲೆ, ಇಂದೂ ಇಷ್ಟ ಇಲ್ಲೆ. ಹತ್ತು ವರ್ಷದ ಮಕ್ಕಳ ಕೈಗೆ ಆನು ಈ ಆಟವ ಕೊಡೆ, ತಂಗೆಯ ಕೂಸು ಕೇಳಿಪ್ಪಗ ಕೊಟ್ಟಿದೂ ಇಲ್ಲೆ. ಮಾಣಿಗೆ 14 ಆತು, ಆನು ಹತ್ತರೆ ಕೂದಿತ್ತಿದ್ದೆ, ಆ ಕೋಣೆ ಬಂದಪ್ಪಗ ಎಂಗೊ ಅದರ ಬಗ್ಗೆ ಮಾತಾಡಿದ್ದೆಯೊ. "ಹೀಂಗೆ ಮಾಡಿ ಬಂದವ ನಿಜಕ್ಕೂ ನಮ್ಮವ ಅಪ್ಪದು ಹೇಂಗೆ?" ಹೇಳಿ ಅವನೇ ಕೇಳಿದ್ದು. ಭಾವ ಒಂದು ಮಾತು ಎನ್ನತ್ತರೆ ಕೇಳಿದ್ದರೆ ಇದರ ಪೂರ ಹೇಳ್ತಿತೆ. ಕೇಳಿದ್ದವಿಲ್ಲೆ. ತೆರೆಲಿ ಕೊಂಬು ಕಂಡವು, ಉದ್ದಿ ತೆಗದವು.

ಈಗ ಎನ್ನ ನಿಜವಾದ ಕೋಪಕ್ಕೆ ಬತ್ತೆ. ಉದ್ದಿ ತೆಗದ್ದಕ್ಕಲ್ಲ ಅದು, ಅದರ ಬದಲಿಂಗೆ ಕೊಟ್ಟದಕ್ಕೆ.

2014ಲಿ ಇದೇ ಡಂಜನ್ ಕೀಪರ್ ಹೇಳ್ತ ಹೆಸರು ಮಡುಗಿ ಮೊಬೈಲಿಂಗೆ ಒಂದು ಆಟ ಬಂತು. ಅಷ್ಟಪ್ಪಗ ಬುಲ್‌ಫ್ರಾಗ್ ಇತ್ತಿಲ್ಲೆ, ಅದರ ನುಂಗಿದ ಎಲೆಕ್ಟ್ರಾನಿಕ್ ಆರ್ಟ್ಸ್ ಹೇಳ್ತ ದೊಡ್ಡ ಕಂಪೆನಿ ಈ ಹೊಸತ್ತರ ಬಿಟ್ಟದು. ಧರ್ಮಕ್ಕೆ ಹೇಳಿದವು. ಅದೇ ಇಂಪು, ಅದೇ ಪಿಕ್ಕಾಸು. ಆದರೆ ಒಂದು ತುಂಡು ಮಣ್ಣು ಕಡಿವಲೆ ನಾಲ್ಕು ಗಂಟೆ, ಗಟ್ಟಿ ಮಣ್ಣಾದರೆ 24 ಗಂಟೆ! ಕಾವಲೆ ಮನಸ್ಸಿಲ್ಲದ್ದರೆ ರತ್ನ ಖರ್ಚು ಮಾಡೆಕ್ಕು, ರತ್ನ ಬೇಕಾದರೆ ನಿಜವಾದ ಪೈಸೆ ಕೊಡೆಕ್ಕು. ಎಂಗಳ ಗುಡ್ಡೆಲಿ ಸುರಂಗ ತೋಡಿದೋರುದೇ ಇದರಿಂದ ಬೇಗ ಕಡುದಿಕ್ಕು. ಆಂಡ್ರಾಯ್ಡ್ ಫೋನಿಲಿ, ಆಟ ಹೇಂಗಿದ್ದು ಹೇಳಿ ಕೇಳುವ ಪುಟಲ್ಲಿ ಐದು ನಕ್ಷತ್ರ ಕೊಡ್ತೆ ಹೇಳುವವರ ಅಂಗಡಿಯ ಪುಟಕ್ಕೆ ಕಳುಸಿಗೊಂಡಿತ್ತಿದ್ದವು. ಅದರಿಂದ ಕಮ್ಮಿ ಕೊಡ್ತೆ ಹೇಳುವವರ, ನಿಂಗಳ ದೂರಿನ ಎಂಗೊಗೇ ಬರದು ಕಳುಸಿ ಹೇಳಿ ಬೇರೆ ದಾರಿಗೆ ಬಿಟ್ಟೊಂಡಿತ್ತಿದ್ದವು. ಅದೇ ವರ್ಷ ಜುಲಾಯಿಲಿ ಬ್ರಿಟನ್ನಿನ ಜಾಹೀರಾತು ನೋಡಿಗೊಂಬ ಸಂಸ್ಥೆ, ಧರ್ಮಕ್ಕೆ ಹೇಳಿ ಕಳುಸಿದ ಇದರ ಜಾಹೀರಾತು ಜೆನಂಗಳ ದಾರಿ ತಪ್ಪುಸುವ ಹಾಂಗಿಪ್ಪದು ಹೇಳಿ ತೀರ್ಮಾನ ಕೊಟ್ಟತ್ತು. ಮೂಲ ಆಟ ಮಾಡಿದ ಮೋಲಿನ್ಯೂವೇ, ಇದು ಸರಿಯಾಯಿದಿಲ್ಲೆ ಹೇಳಿ ಬಿಬಿಸಿಯ ಹತ್ತರೆ ಹೇಳಿದ.

ಆ ತೆರೆಲಿದೇ ಅದೇ ಕೊಂಬು, ಅದೇ ಬಾಲ. ರಾಕ್ಷಸ ಕೂದಿತ್ತಿದ್ದು ಗಡಿಯಾರದ ಒಳ.

ಭಾವ ಮಾಣಿಯ ಆಟವ ತೆಗದಿಕ್ಕಿ, ಅವ ಎರಡು ದಿನ ಉಣ್ಣದ್ದೆ ಕೂದ ಹೇಳಿ ಒಂದು ಹಳೆ ಫೋನ್ ಕೊಟ್ಟವು. ಅದರಲ್ಲಿ ಒಂದು ಆಟ. ಹೆಸರು ಹೇಳ್ತಿಲ್ಲೆ, ಅಂಥದ್ದು ನೂರಿದ್ದು. ಹಸುರು ಗೆದ್ದೆ, ಹೂಗು, ದನ, ಟೊಪ್ಪಿ ಹಾಕಿದ ಒಂದು ಅಜ್ಜ. ನೆತ್ತರಿಲ್ಲೆ. ಕೊಂಬಿದ್ದರೂ ದನದ್ದು. ಅಜ್ಜ ನೆಗೆ ಮಾಡಿಗೊಂಡೇ ಇರ್ತ, ಎವರ್‌ಸ್ಮೈಲ್ ಊರಿನೋರ ಹಾಂಗೆ. ಭಾವಂಗೆ ಭಾರೀ ಕುಶಿ ಆತು. "ನೋಡು, ಕೃಷಿ ಕಲಿತ್ತಾ ಇದ್ದ" ಹೇಳಿದವಡ.

ಆ ಗೆದ್ದೆಲಿ ಬೆಳೆ ಅಪ್ಪಲೆ ಎಂಟು ಗಂಟೆ. ಬೆಳದ ಮತ್ತೆ ಹೊತ್ತಿಂಗೆ ಕೊಯ್ಯದ್ದರೆ ಒಣಗುತ್ತು. ಹೊತ್ತೋಪಗ ಆರು ಗಂಟಗೆ ಬಿತ್ತಿದವ ಇರುಳು ಎರಡು ಗಂಟಗೆ ಏಳೆಕ್ಕು. ಫೋನ್ ಹೊದಕ್ಕೆಯ ಅಡಿಲಿ ಕಿಣಿಕಿಣಿ ಹೇಳ್ತು. ಅಕ್ಕ ಒಂದು ಇರುಳು ನೀರು ಕುಡಿವಲೆ ಎದ್ದಿಪ್ಪಗ, ಮಾಣಿಯ ಹೊದಕ್ಕೆ ಒಳಂದ ನೀಲಿ ಬೆಣಚ್ಚು ಕಂಡತ್ತು. ಹೊದಕ್ಕೆ ತೆಗದರೆ, ಅರ್ಧ ಒರಕ್ಕಿಲಿ ಕಣ್ಣು ಮುಚ್ಚಿಗೊಂಡೇ ಬೆರಳಿಲಿ ಗೆದ್ದೆ ಕೊಯ್ತಾ ಇತ್ತಿದ್ದ. ಶಾಲೆಲಿ ಒರಗುತ್ತ ಹೇಳಿ ಟೀಚರ್ ಚೀಟಿ ಕಳುಸಿದವು. ಮತ್ತೆ ಭಾವನ ಖಾತೆಂದ 1,840 ರೂಪಾಯಿ ಹೋದ್ದು ಗೊಂತಾತು, ಇಪ್ಪತ್ತು ಮೂವತ್ತರ ಲೆಕ್ಕಲ್ಲಿ, ಗೊಬ್ಬರಕ್ಕೆ, ಬೇಗ ಬೆಳವ ಬಿತ್ತಿಂಗೆ. ತೋಟಲ್ಲಿ ನಿಜವಾದ ಗೊಬ್ಬರ ಹಾಕುಲೆ ಮಾಣಿಯ ಕರೆದರೆ ಬತ್ತನಿಲ್ಲೆ ಹೇಳಿ ಭಾವನ ಹಳೆ ದೂರು ಬೇರೆ ಇದ್ದು.

ಇದರ ಅಕ್ಕ ಫೋನಿಲಿ ಹೇಳುವಗ ಎನಗೆ ಒಂದು ವಿಷಯ ನೆಂಪಾತು. ಡಂಜನ್ ಕೀಪರಿನ ಎರಡನೇ ಭಾಗವನ್ನೂ ತಮ್ಮ ಮರುವರ್ಷ ತಂದಿತ್ತಿದ್ದ. ಒಂದು ಇರುಳು ಎಲ್ಲೋರೂ ಒರಗಿದ ಮತ್ತೆ ಆನು ಆಡಿಗೊಂಡಿತ್ತಿದ್ದೆ, ಗಂಟೆ ಎಷ್ಟು ಹೇಳಿ ಗೊಂತೇ ಆಯಿದಿಲ್ಲೆ. ಇದ್ದಕ್ಕಿದ್ದ ಹಾಂಗೆ ಒಂದು ಗಡಸು ಸ್ವರ ಮಾತಾಡಿತ್ತು. ಅಪ್ಪ ಹಿಂದೆ ಬಂದು ನಿಂದವೋ ಹೇಳಿ ಎದೆ ಧಸಕ್ಕ ಹೇಳಿತ್ತು. ನೋಡಿರೆ ಆಟದ ಒಳಾಣ ಮಂತ್ರಿ! ಹೊತ್ತು ಮೀರಿತ್ತು, ಹೋಗಿ ಒರಗು ಹೇಳಿ ತಮಾಶೆಲಿ ಬುದ್ಧಿ ಹೇಳ್ತಾ ಇತ್ತಿದ್ದ. ಕಂಪ್ಯೂಟರಿನ ಗಡಿಯಾರ ನೋಡಿಗೊಂಡು, ನಡು ಇರುಳು ಕಳುದು ಆಡುವೋರಿಂಗೆ ಹೀಂಗೆ ಹೇಳುಲೆ ಅವನ ಮಾಡಿ ಮಡುಗಿದ್ದವು. ಆನು ನೆಗೆ ತಡವಲೆಡಿಯದ್ದೆ ಬಾಯಿಗೆ ಸೆರಗು ಹಿಡುದು ಕಂಪ್ಯೂಟರ್ ಆಫ್ ಮಾಡಿದೆ.

ಭಾವ, ಲೆಕ್ಕ ಹಾಕಿ. ಆ ಕೊಂಬಿನ ಲೋಕದ ಮಂತ್ರಿ ಇರುಳಿಲಿ ಕೂಸಿನ ಒರಗುಲೆ ಕಳುಸಿದ. ನಿಂಗೊ ಮೆಚ್ಚಿದ ಟೊಪ್ಪಿಯ ಅಜ್ಜ ನಿಂಗಳ ಮಾಣಿಯ ಇರುಳು ಎರಡು ಗಂಟಗೆ ಎಬ್ಬುಸಿದ, ಕಿಸೆಗೂ ಕೈ ಹಾಕಿದ. ಆನು ಕೆಟ್ಟವ ಹೇಳಿ ಸುರುವಿಂಗೇ ಬೋರ್ಡು ಹಾಕಿಂಡು ಬಂದವನ ನಿಂಗೊ ಹೆರ ಹಾಕಿದಿ, ನೆಗೆ ಮಾಡಿಗೊಂಡು ಬಂದವಂಗೆ ಮಣೆ ಹಾಕಿ ಕೂರ್ಸಿದಿ. ಡಂಜನ್ ಕೀಪರಿಂಗೆ ಆನು ಒಂದರಿ ಪೈಸೆ ಕೊಟ್ಟದು, ಪುತ್ತೂರಿಲಿ ಎರಡು ಮಸಾಲೆ ದೋಸೆ ತಿಂಬಷ್ಟೂ ಆಯಿದಿಲ್ಲೆ. ಮತ್ತೆ ಇಂದಿನವರೆಂಗೆ ಒಂದು ಪೈಸೆ ಕೇಳಿದ್ದಿಲ್ಲೆ. ನಿಲ್ಸಿರೆ ನಿಂದಲ್ಲೇ ನಿಲ್ಲುತ್ತು. ಒಂದು ಇಂಪು ಪಿಕ್ಕಾಸು ಎತ್ತಿದ್ದು ಎತ್ತಿದ ಹಾಂಗೇ ಇಕ್ಕು, ಆರು ತಿಂಗಳು ಕಳುದರೂ. ಮಾಣಿಯ ಬೆಳೆ ಒಣಗುತ್ತು ಹೇಳಿ ಅದು ಹೆದರ್ಸುತ್ತಿಲ್ಲೆ.

ಪೂಜೆ ಕಳುದ ಮತ್ತೆ ಮಾಣಿ ಎನ್ನತ್ತರೆ ಮಾತಾಡಿದ್ದನಿಲ್ಲೆ. ಫೋನ್ ಮಾಡಿರೆ "ಅಮ್ಮಂಗೆ ಕೊಡ್ತೆ" ಹೇಳ್ತ. ಅಪ್ಪ ಎಲ್ಲೋರ ಎದುರು ಹೇಳಿದ ಮತ್ತೆ, ಚಿಕ್ಕಮ್ಮನತ್ತರೆ ಮಾತಾಡಿರೆ ತಪ್ಪೋ ಹೇಳಿ ಅವಂಗೆ ಹೆದರಿಕೆ ಆದಿಕ್ಕು. ಉದ್ದಿ ಹೋದ ಆಟವ ಎರಡು ನಿಮಿಷಲ್ಲಿ ಪುನಾ ಹಾಕುಲೆಡಿಗು. ಇದರ ಸರಿ ಮಾಡುಲೆ ಎನ್ನಂದ ಎಡಿಯ ಭಾವ, ನಿಂಗಳೇ ಆಯೆಕ್ಕು.

ಅವ ರಜೆಲಿ ಆಡಿ ಅರ್ಧಲ್ಲಿ ಬಿಟ್ಟ ಆಟ ಎನ್ನ ಕಂಪ್ಯೂಟರಿಲಿ ಹಾಂಗೇ ಇದ್ದು. ಒಂಬತ್ತು ಮಂತ್ರವಾದಿಗೊ, ನಾಲ್ಕು ಬೈಲ್ ಡೀಮನ್, ಒಂದು ದೊಡ್ಡ ಕೋಳಿಗೂಡು. ಬಡುದ ಲೆಕ್ಕ ಒಂದೂ ಇಲ್ಲೆ. ಚೌತಿಗೆ ಎಂಗಳಲ್ಲಿಗೆ ಬತ್ತಿ ಅಲ್ಲದೋ, ಮಾಣಿಯ ಕರಕ್ಕೊಂಡೇ ಬನ್ನಿ. ಉಂಡಿಕ್ಕಿ ಎಲೆ ಅಡಕ್ಕೆ ಹಾಕಿಂಡು ಒಂದು ಗಂಟೆ ಅವನ ಹತ್ತರೆ ಕೂರಿ, ಅವ ಹೇಳಿ ಕೊಡುಗು. ಕೌರವನ ಅರ್ಥ ಹೇಳ್ತವಕ್ಕೆ ಇದು ಕಷ್ಟ ಆಗ. ಮತ್ತೆ ಆ ದಿನ ಅಕ್ಕ ಸುರುವಾಣ ಹಂತಿಲಿ ಕೂರಲಿ. ಬಳುಸುಲೆ ಆನಿದ್ದೆ, ಸಾರಿನ ಪಾತ್ರ ನಿಂಗೊ ಹಿಡಿಯೆಕ್ಕು.